ಕ್ಯಾಮೆರಾ ಬದಲಿಸುವ ಮೊದಲು ಹಾಳಾದ ಫೋಟೋ ಎಣಿಸಿದೆ

ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ತೋಟದ ಕೆಲಸ ಬಿಟ್ಟರೆ ನನಗಿರುವುದು ಹಕ್ಕಿ ಫೋಟೋದ ಹುಚ್ಚು ಒಂದೇ. ಸುಮಾರು ಹತ್ತು ವರ್ಷ ನನ್ನ ಕೈಯಲ್ಲಿದ್ದದ್ದು ಕ್ಯಾನನ್ 7ಡಿ ಮಾರ್ಕ್ 2, ಜೊತೆಗೆ 400 ಎಂಎಂ ಎಫ್/5.6 ಎಲ್ ಲೆನ್ಸ್. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, 2014ರದ್ದು. ಲೆನ್ಸ್ ಇನ್ನೂ ಹಳೇದು, ಆ ಮಾಡೆಲ್ ಬಂದದ್ದೇ 1993ರಲ್ಲಿ. ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಇಲ್ಲ, ಜೂಮ್ ಇಲ್ಲ. ಆದರೆ ಹಗುರ, ಚೂಪು. ಹಾರುವ ಹಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ.

ಎಲ್ಲಿ ಹೋದರೂ ಕ್ಯಾಮೆರಾ ಹಿಡಿದವರು ಕೇಳುವುದು ಒಂದೇ: "ಇನ್ನೂ ಮಿರರ್‌ಲೆಸ್‌ಗೆ ಹೋಗಿಲ್ವಾ ಮಾರಾಯ್ರೆ?" ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ; ನನ್ನದು ಕನ್ನಡಿ ಇರುವ ಹಳೆ ಥರದ ಡಿಎಸ್ಎಲ್ಆರ್. ಕೇಳಿ ಕೇಳಿ ನನಗೂ ಆಸೆ ಹತ್ತಿತು. ಆ ವರ್ಷ ಅಡಿಕೆಗೆ ರೇಟೂ ಪರವಾಗಿಲ್ಲ ಅನ್ನುವ ಹಾಗಿತ್ತು. ಮನೆಯಲ್ಲಿ ವಿಷಯ ತೆಗೆದೆ. ನನ್ನ ಹೆಂಡತಿ ಬೇಡ ಅನ್ನಲಿಲ್ಲ. "ಹಾಳಾದ ಫೋಟೋ ಎಲ್ಲಾ ಕ್ಯಾಮೆರಾದಿಂದಲೇ ಹಾಳಾಗಿದ್ದಾ ರೀ? ಒಂದ್ಸಲ ನೋಡಿ" ಅಂದಳು. ಅಷ್ಟೇ. ಆ ಮಾತು ನನ್ನನ್ನು ಒಂದು ವರ್ಷ ಹಿಡಿದು ನಿಲ್ಲಿಸಿತು.

ಡಿಲೀಟ್ ಮಾಡಬೇಕು ಅಂತ ಗುರುತು ಹಾಕಿಟ್ಟಿದ್ದ ಫೋಟೋಗಳ ಫೋಲ್ಡರ್ ಒಂದಿತ್ತು. ಅದರಿಂದ 300 ತೆಗೆದುಕೊಂಡು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಕೆಟ್ಟದ್ದಕ್ಕೆ ಕಾರಣ ಏನು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಹಕ್ಕಿ ತೀರಾ ದೂರ ಇದ್ದದ್ದು ಅಥವಾ ನಡುವೆ ಬಿಸಿಲ ಝಳ ಇದ್ದದ್ದು 96. ಕೈ ಅಲುಗಿದ್ದು, ಹಕ್ಕಿ ಅಲುಗಿದ್ದು ಸೇರಿ 71. ಬೆಳ್ಳಕ್ಕಿ ಮೈ ಸುಣ್ಣ ಬಳಿದ ಗೋಡೆ ಹಾಗೆ ಬೆಳ್ಳಗಾಗಿ ಗರಿ ಒಂದೂ ಕಾಣದೆ ಹೋದದ್ದು 45. ಉಳಿದ 88 ಫೋಕಸ್ ತಪ್ಪಿದ್ದು.

ಈ ಲೆಕ್ಕ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊದಲ 96ಕ್ಕೆ ಯಾವ ಕ್ಯಾಮೆರಾವೂ ಔಷಧಿ ಅಲ್ಲ. ನೀರಿನ ಮೇಲೆ ಹನ್ನೊಂದು ಗಂಟೆಯ ಬಿಸಿಲಿಗೆ ಗಾಳಿ ಕುದಿಯುತ್ತಿದ್ದರೆ ಎಷ್ಟು ಲಕ್ಷ ಕೊಟ್ಟ ಲೆನ್ಸ್ ಆದರೂ ಅದೇ ಕುದಿಯುವ ಗಾಳಿಯ ಮೂಲಕವೇ ನೋಡಬೇಕು. ಬೆಳಿಗ್ಗೆ ಬೇಗ ಹೋಗಬೇಕು, ಹತ್ತಿರ ಹೋಗಬೇಕು, ಇಲ್ಲಾಂದ್ರೆ ಕ್ಲಿಕ್ ಮಾಡಬಾರದು. 71ರಲ್ಲಿ ಹೆಚ್ಚಿನವು ನನ್ನ ತಪ್ಪು. 400 ಎಂಎಂ ಲೆನ್ಸ್, 1.6 ಕ್ರಾಪ್ ಬಾಡಿ, ಅಂದರೆ ಸೆನ್ಸರ್ ಚಿಕ್ಕದಾದ್ದರಿಂದ ಚಿತ್ರ 1.6 ಪಟ್ಟು ಹಿಗ್ಗಿದ ಹಾಗೆ ಕಾಣುತ್ತದೆ, ಅಲುಗಾಟವೂ ಅಷ್ಟೇ. ಎರಡನ್ನೂ ಗುಣಿಸಿದರೆ 640. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ 1/640 ಸೆಕೆಂಡ್ ಆದರೂ ಬೇಕು. ನಾನು ಐಎಸ್ಒ, ಅಂದರೆ ಕಮ್ಮಿ ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್, ಏರಿಸಿದರೆ ಫೋಟೋ ಕಾಳು ಕಾಳಾಗುತ್ತದೆ ಅಂತ ಹೆದರಿ 1/250, 1/320ರಲ್ಲಿ ತೆಗೆಯುತ್ತಿದ್ದೆ. ಕಾಳು ಕಾಳು ಕಾಣುವ ಫೋಟೋವನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಬಹುದು. ಅಲುಗಿದ ಫೋಟೋ ಅಲುಗಿದ್ದೇ. ಅವತ್ತಿನಿಂದ ಐಎಸ್ಒ 3200 ಅಂದರೆ ನನಗೆ ಹೆದರಿಕೆ ಇಲ್ಲ.

ಫೋಕಸ್ ತಪ್ಪಿದ 88ರ ಕಥೆ ಬೇರೆ. ಅದರಲ್ಲಿ 50 ಕೂತ ಹಕ್ಕಿಗಳು. ಕೊಂಬೆ ಮೇಲೆ ಅಲುಗದೆ ಕೂತ ಪಿಕಳಾರಕ್ಕೂ ಫೋಕಸ್ ತಪ್ಪುತ್ತದೆ ಅಂದ್ರೆ ಏನರ್ಥ? ಹಕ್ಕಿಯ ಕಣ್ಣು ಮಸುಕು, ಅದರ ಹಿಂದಿನ ಎಲೆ ಚೂಪು. ಒಂದಲ್ಲ ಎರಡಲ್ಲ, ಸುಮಾರು ಎಲ್ಲದರಲ್ಲೂ ಹೀಗೇ.

ಡಿಎಸ್ಎಲ್ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಫೋಟೋ ಬೀಳುವ ಸೆನ್ಸರ್ ಬೇರೆ. ದೊಡ್ಡ ಕನ್ನಡಿಯ ಹಿಂದೆ ಇನ್ನೊಂದು ಪುಟ್ಟ ಕನ್ನಡಿ ಇದ್ದು, ಅದು ಸ್ವಲ್ಪ ಬೆಳಕನ್ನು ಕೆಳಗಿನ ಫೋಕಸ್ ಸೆನ್ಸರ್‌ಗೆ ಕಳಿಸುತ್ತದೆ. ಆ ದಾರಿಗೂ ಫೋಟೋ ಬೀಳುವ ದಾರಿಗೂ ಕೂದಲೆಳೆ ವ್ಯತ್ಯಾಸ ಇದ್ದರೂ ಫೋಕಸ್ ಹಿಂದೆ ಮುಂದೆ ಆಗುತ್ತದೆ. ಇದನ್ನು ಸರಿಪಡಿಸಲು 7ಡಿ ಮಾರ್ಕ್ 2 ಮೆನುವಿನಲ್ಲೇ ಎಎಫ್ (ಆಟೋಫೋಕಸ್) ಮೈಕ್ರೋ ಅಡ್ಜಸ್ಟ್‌ಮೆಂಟ್ ಅಂತ ಇದೆ. ಅಷ್ಟು ವರ್ಷ ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

ಅಡಿಕೆ ಒಣಗಿಸುವ ಅಂಗಳದಲ್ಲೇ ಟೆಸ್ಟ್ ಮಾಡಿದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ತಗ್ಗಿಗೆ ಇಟ್ಟೆ. ಸರಿಯಾಗಿ 10 ಮೀಟರ್ ದೂರದಲ್ಲಿ ಒಂದು ಬೆಂಕಿಪೊಟ್ಟಣ ನೆಟ್ಟಗೆ ನಿಲ್ಲಿಸಿದೆ. ಅದರ ಪಕ್ಕದಲ್ಲಿ ಕ್ಯಾಮೆರಾದಿಂದ ದೂರಕ್ಕೆ ಹೋಗುವ ಹಾಗೆ ಒಣ ಅಡಿಕೆಯ ಸಾಲು, ಎರಡೆರಡು ಬೆರಳಿಗೆ ಒಂದರಂತೆ. ಬೆಂಕಿಪೊಟ್ಟಣದ ಮೇಲಿನ ಅಕ್ಷರಕ್ಕೆ ಫೋಕಸ್ ಮಾಡಿ ಕ್ಲಿಕ್. ಫೋಕಸ್ ಕೆಡಿಸಿ, ಮತ್ತೆ ಹಿಡಿದು, ಮತ್ತೆ ಕ್ಲಿಕ್. ಹತ್ತು ಸಲ ಹೀಗೆ. ಕಂಪ್ಯೂಟರಿನಲ್ಲಿ ನೋಡಿದರೆ ಪೊಟ್ಟಣದ ಅಕ್ಷರ ಮಂಕು, ಅದಕ್ಕಿಂತ ಎರಡು ಅಡಿಕೆ ಹಿಂದಿನದು ಚೂಪು. ಅಡಿಕೆಯ ಮೇಲಿನ ಗೆರೆ ಗೆರೆಯೂ ಕಾಣುತ್ತಿತ್ತು. ಆ ದೂರದಲ್ಲಿ ಈ ಲೆನ್ಸಿಗೆ ಚೂಪಾಗಿ ಕಾಣುವ ಜಾಗವೇ ಒಂದು ಗೇಣಿಗಿಂತ ಕಮ್ಮಿ. ನಾಲ್ಕು ಬೆರಳು ಹಿಂದೆ ಹೋದರೆ ಸಣ್ಣ ಹಕ್ಕಿಯ ಕಣ್ಣು ಹೋಯಿತು ಅಂತಲೇ ಲೆಕ್ಕ. ಮೆನುವಿನಲ್ಲಿ ಮೈನಸ್ ಕಡೆಗೆ ಒಂದೊಂದೇ ಅಂಕಿ ಇಳಿಸುತ್ತಾ ಬಂದೆ. ಮೈನಸ್ 6ಕ್ಕೆ ಬಂದಾಗ ಅಕ್ಷರ ಬಿಡಿಸಿಟ್ಟ ಹಾಗೆ ಕಂಡಿತು.

ಒಂದು ರೂಪಾಯಿ ಖರ್ಚಿಲ್ಲ. ಆ ಮಳೆಗಾಲ ಮಂಡಗದ್ದೆ ಪಕ್ಷಿಧಾಮದಲ್ಲಿ ಕೂತ ಹಕ್ಕಿಯ ಫೋಟೋ ಹಾಳಾದದ್ದು ತೀರಾ ಕಮ್ಮಿ. ಹಾಗಾಗಿ ಡಿಎಸ್ಎಲ್ಆರ್ ಇಟ್ಟುಕೊಂಡು ಅಪ್‌ಗ್ರೇಡ್ ಯೋಚನೆಯಲ್ಲಿರುವ ಯಾರು ಸಿಕ್ಕರೂ ನಾನು ಮೊದಲು ಕೇಳುವುದು ಇದನ್ನೇ: ಮೈಕ್ರೋ ಅಡ್ಜಸ್ಟ್‌ಮೆಂಟ್ ಮಾಡಿ ನೋಡಿದ್ದೀರಾ?

ಹಾಗಾದರೆ ಯಾಕೆ ಬದಲಿಸಿದೆ? ಉಳಿದ 38ಕ್ಕಾಗಿ. ಅವೆಲ್ಲ ಹಾರುವ ಹಕ್ಕಿಗಳು. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಲಕ್ಕವಳ್ಳಿ ಕಡೆ ನಡುಗಡ್ಡೆಗಳು ಮೇಲೆದ್ದು, ನದಿ ರೀವಗಳು ಅಲ್ಲಿ ಮೊಟ್ಟೆ ಇಡುತ್ತವೆ. ರಿವರ್ ಟರ್ನ್ ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಮೀನು ಕಚ್ಚಿಕೊಂಡು ಬರುವ ರೀವ ನೀರಿನ ಮೇಲಿರುವಾಗ ಫೋಕಸ್ ಸರಿಯಾಗಿಯೇ ಇರುತ್ತಿತ್ತು. ಹಕ್ಕಿಯ ಹಿಂದೆ ಕಾಡಿನ ಗುಡ್ಡ ಬಂತೋ, ಫೋಕಸ್ ಗುಡ್ಡಕ್ಕೆ ಹಾರುತ್ತಿತ್ತು. ಎಷ್ಟು ಅಭ್ಯಾಸ ಮಾಡಿದರೂ, ಸೆಟ್ಟಿಂಗ್ ಎಷ್ಟು ತಿದ್ದಿದರೂ ಇದು ಪೂರ್ತಿ ಹೋಗಲಿಲ್ಲ. ಇದು ನನ್ನ ಕೈಯ ತಪ್ಪಲ್ಲ, ಆ ತಲೆಮಾರಿನ ಕ್ಯಾಮೆರಾ ಇಷ್ಟೇ ಮಾಡಬಲ್ಲದು ಅಂತ ಖಾತ್ರಿಯಾದ ಮೇಲೆ ಮನಸ್ಸು ಮಾಡಿದೆ.

ಕೊಂಡದ್ದು ಕ್ಯಾನನ್ ಆರ್7. 2022ರಲ್ಲಿ ಬಂದ ಬಾಡಿ. ಲೆನ್ಸ್ ಬದಲಿಸಲಿಲ್ಲ, ಹಳೆ ಲೆನ್ಸನ್ನು ಹೊಸ ಬಾಡಿಗೆ ಕೂರಿಸುವ ಅಡಾಪ್ಟರ್ ಹಾಕಿಕೊಂಡೆ. ಅಡಾಪ್ಟರ್ ಹಾಕಿದರೆ ಕ್ವಾಲಿಟಿ ಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಈ ಅಡಾಪ್ಟರ್ ಒಳಗೆ ಗಾಜೇ ಇಲ್ಲ! ಲೆನ್ಸ್ ಸಿಕ್ಕಿಸುವ ಬಾಯಿಗೆ ಮೌಂಟ್ ಅನ್ನುತ್ತಾರೆ. ಹಳೆ ಇಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ಗೆ 44 ಮಿಲಿಮೀಟರ್. ಕನ್ನಡಿ ಇಲ್ಲದ ಆರ್‌ಎಫ್ ಮೌಂಟ್‌ನಲ್ಲಿ 20. ನಡುವಿನ 24 ಮಿಲಿಮೀಟರ್ ತುಂಬುವ ಟೊಳ್ಳು ಕೊಳವೆ ಅದು. ಕರೆಂಟ್ ಮತ್ತು ಮಾಹಿತಿ ಸಾಗಿಸುವ ಸಂಪರ್ಕ ಬಿಂದುಗಳು ಇರುತ್ತವೆ, ಅಷ್ಟೇ. ಮೂವತ್ತು ವರ್ಷ ಹಿಂದಿನ ಡಿಸೈನಿನ ನನ್ನ ಲೆನ್ಸ್ ಹೊಸ ಬಾಡಿಯಲ್ಲಿ ಹಕ್ಕಿಯ ಕಣ್ಣು ಹುಡುಕಿ ಹಿಡಿಯುವುದು ನೋಡಿ ಮೊದಲ ದಿನ ನನಗೆ ಗಂಟಲು ಕಟ್ಟಿದ ಹಾಗಾಯಿತು. ನಿಕಾನ್ ಇರುವವರು ಮಾತ್ರ ಒಂದು ನೋಡಿಕೊಳ್ಳಬೇಕು. ಅವರ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ಫೋಕಸ್ ಮೋಟರ್ ಇಲ್ಲ. ಒಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸ್‌ಗೆ ಆಟೋಫೋಕಸ್ ಸಿಗುತ್ತದೆ, ಬಾಡಿಯ ಮೋಟರನ್ನು ನಂಬಿದ್ದ ಹಳೆ ಎಎಫ್-ಡಿ ಲೆನ್ಸ್‌ಗೆ ಸಿಗುವುದಿಲ್ಲ.

ತೂಕದ ಬಗ್ಗೆಯೂ ಹೇಳಬೇಕು. ಮಿರರ್‌ಲೆಸ್ ಅಂದರೆ ಹಗುರ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಬ್ಯಾಟರಿ, ಕಾರ್ಡ್ ಸೇರಿ ಹಳೆ ಬಾಡಿ 910 ಗ್ರಾಂ, ಹೊಸದು 612. ಅಡಾಪ್ಟರ್ 110. ಲೆನ್ಸ್ 1250, ಅದು ಹಾಗೇ ಇದೆ. ಲೆಕ್ಕ ಹಾಕಿದರೆ ಉಳಿದದ್ದು 200 ಗ್ರಾಂ ಒಳಗೆ. ಹಕ್ಕಿ ಫೋಟೋದವರಿಗೆ ಭಾರ ಇರುವುದು ಲೆನ್ಸಿನಲ್ಲಿ. ಬರೀ ತೂಕಕ್ಕೋಸ್ಕರ ಬಾಡಿ ಬದಲಿಸಬೇಡಿ.

ನಿಜವಾಗಿ ಏನು ಬದಲಾಯಿತು? ಮೊದಲನೆಯದು ರೀವ. ಗುಡ್ಡ ಹಿಂದೆ ಬಂದರೂ ಈಗ ಫೋಕಸ್ ಹಕ್ಕಿಯ ಮೇಲೇ ಕೂರುತ್ತದೆ. ಎಲ್ಲಾ ಸಲ ಅಲ್ಲ, ಹೆಚ್ಚಿನ ಸಲ. ಎರಡನೆಯದು ನಾನು ಅಂದುಕೊಂಡೇ ಇರದ ಲಾಭ. ಬಾಡಿಯೊಳಗೆ ಕೈ ಅಲುಗಿದ್ದನ್ನು ಸರಿದೂಗಿಸಲು ಸೆನ್ಸರನ್ನೇ ಸರಿಸುವ ವ್ಯವಸ್ಥೆ ಇದೆ. ಸ್ಟೆಬಿಲೈಸೇಶನ್ ಇಲ್ಲದ ನನ್ನ ಲೆನ್ಸಿಗೆ ಇಷ್ಟು ವರ್ಷದ ಮೇಲೆ ಅದು ಸಿಕ್ಕಿತು. ಕೂತ ಹಕ್ಕಿಗೆ 1/200ರಲ್ಲೂ ಕೈಯಲ್ಲೇ ಹಿಡಿದು ತೆಗೆಯುತ್ತೇನೆ. ತೋಟದೊಳಗೆ ಅಡಿಕೆ ಸೋಗೆಯ ನೆರಳಲ್ಲಿ ರಾಜಹಕ್ಕಿ ಬಂದು ಕೂತಾಗ ಇದರ ಬೆಲೆ ಗೊತ್ತಾಗುತ್ತದೆ.

ಮೂರನೆಯದು ಬೆಳ್ಳಕ್ಕಿ. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುತ್ತವೆ. ಕಪ್ಪು ಮೋಡ, ಕಪ್ಪು ನೀರು, ಕಡು ಹಸಿರು ಮರ, ಅದರ ಮೇಲೆ ಬಿಳಿ ಹಕ್ಕಿ. ಸುತ್ತಲ ಕಪ್ಪು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡುತ್ತದೆ, ಹಕ್ಕಿಯ ಗರಿ ಸುಟ್ಟುಹೋಗುತ್ತದೆ. ಮೊದಲು ಬೆಳಕನ್ನು ಮೈನಸ್ 1 ಅಂತ ಅಂದಾಜಿಗೆ ಇಟ್ಟು ತೆಗೆದು, ಹಿಂದಿನ ಪರದೆ ನೋಡಿ ತಿದ್ದುತ್ತಿದ್ದೆ. ಈಗ ಫೋಟೋ ಹೇಗೆ ಬರುತ್ತದೋ ಹಾಗೇ ವ್ಯೂಫೈಂಡರಿನಲ್ಲಿ ಕಾಣುತ್ತದೆ, ಮೂಲೆಯಲ್ಲಿ ಹಿಸ್ಟೋಗ್ರಾಂ, ಅಂದರೆ ಎಡಕ್ಕೆ ಕಪ್ಪು ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ಗ್ರಾಫ್, ಇರುತ್ತದೆ. ಅದರ ಬಲತುದಿ ಗೋಡೆಗೆ ತಾಗದ ಹಾಗೆ ಡಯಲ್ ತಿರುಗಿಸಿದರೆ ಆಯಿತು. ಆ 45ರ ಲೆಕ್ಕ ಈಗ ಹೆಚ್ಚುಕಮ್ಮಿ ಸೊನ್ನೆ.

ಕಷ್ಟಗಳೂ ಇವೆ. ಬಿದಿರು ಮೆಳೆಯೊಳಗೆ ಹಕ್ಕಿ ಕೂತರೆ ಕಣ್ಣು ಹುಡುಕುವ ವ್ಯವಸ್ಥೆ ಎಲೆಯ ಚುಕ್ಕೆಯನ್ನೂ ಕಣ್ಣು ಅಂದುಕೊಳ್ಳುತ್ತದೆ. ಅದಕ್ಕೆ ಹಿಂದಿನ ಎರಡು ಬಟನ್ನಿಗೆ ಎರಡು ಕೆಲಸ ಕೊಟ್ಟಿದ್ದೇನೆ. ಎಎಫ್-ಆನ್ ಒತ್ತಿದರೆ ನಡುವಿನ ಚಿಕ್ಕ ಪಾಯಿಂಟ್, ಪಕ್ಕದ ಸ್ಟಾರ್ ಬಟನ್ ಒತ್ತಿದರೆ ಕಣ್ಣು. ಹೆಬ್ಬೆರಳಿಗೆ ಅಭ್ಯಾಸ ಆಗಲು ಒಂದು ತಿಂಗಳು ಹಿಡಿಯಿತು. ಇನ್ನೊಂದು, ಫೋಕಸ್ ಪೂರ್ತಿ ಕೆಟ್ಟಿದ್ದಾಗ ಹಕ್ಕಿ ಎದುರಿಗೇ ಹಾರಿದರೂ ಮಿರರ್‌ಲೆಸ್‌ಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಹಕ್ಕಿ ಬರುವ ಅಂದಾಜು ದೂರದ ಒಂದು ಮರಕ್ಕೋ ಬಂಡೆಗೋ ಮೊದಲೇ ಫೋಕಸ್ ಮಾಡಿಟ್ಟು ಕಾಯುತ್ತೇನೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆಕೆಂಡಿಗೆ 30 ಫ್ರೇಮ್ ಸಿಗುತ್ತದೆ, ಸದ್ದೇ ಇಲ್ಲ. ಆದರೆ ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ, ಅಷ್ಟರಲ್ಲಿ ರೆಕ್ಕೆ ಬಡಿದಿರುತ್ತದೆ, ಫೋಟೋದಲ್ಲಿ ರೆಕ್ಕೆ ಸೊಟ್ಟಗೆ ಬರುತ್ತದೆ. ತುಂಬಾ ಬೇಗ ಓದಿ ಮುಗಿಸುವ ಸ್ಟ್ಯಾಕ್ಡ್ ಸೆನ್ಸರ್ ಇಲ್ಲದ ಕ್ಯಾಮೆರಾಗಳ ಸ್ವಭಾವವೇ ಅದು. ಹಾರುವ ಹಕ್ಕಿಗೆ ನಾನು ಮೆಕ್ಯಾನಿಕಲ್ ಶಟರ್, 15 ಫ್ರೇಮ್, ಅಷ್ಟಕ್ಕೇ ನಿಂತಿದ್ದೇನೆ. ಬ್ಯಾಟರಿಯೂ ಬೇಗ ಇಳಿಯುತ್ತದೆ. ಒಂದರಲ್ಲಿ ದಿನ ಕಳೆಯುತ್ತಿದ್ದವನಿಗೆ ಈಗ ಎರಡು ಬೇಕು.

ಲೆನ್ಸ್ ಬದಲಿಸುವ ಆಸೆ ಬರಲಿಲ್ಲವಾ? ಬಂತು. ಗೆಳೆಯರೊಬ್ಬರ ಆರ್‌ಎಫ್ 100-400 ಒಂದು ವಾರ ತಂದು ನೋಡಿದೆ. ಬರೀ 635 ಗ್ರಾಂ. ಹಿಡಿದರೆ ಇಳಿಸಲು ಮನಸ್ಸಾಗದು. ಆದರೆ 400ರಲ್ಲಿ ಅದು ಎಫ್/8, ಅಂದರೆ ನನ್ನ ಲೆನ್ಸಿಗೆ ಹೋಲಿಸಿದರೆ ಅರ್ಧ ಬೆಳಕು. ಮಲೆನಾಡಿನ ಜುಲೈಯಲ್ಲಿ ಐಎಸ್ಒ 3200 ಇರುವ ಕಡೆ 6400 ಆಗುತ್ತದೆ. ಬಯಲುಸೀಮೆಯ ಬಿಸಿಲಲ್ಲಿ ನಡೆದು ಸುತ್ತುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಅನ್ನಿಸಿತು. ನಮ್ಮ ಕಡೆಗೆ ಸಾಲದು.

ಒಂದು ಮಾತು ಫಂಗಸ್ ಬಗ್ಗೆ. ನಮ್ಮ ಮಳೆಯಲ್ಲಿ ಲೆನ್ಸ್ ಬಟ್ಟೆಯ ಬೀರುವಿನಲ್ಲಿಟ್ಟರೆ ಉಪ್ಪಿನಕಾಯಿ ಭರಣಿಗೆ ಬೂಷ್ಟು ಬರುವ ಹಾಗೆ ಗಾಜಿಗೂ ಬರುತ್ತದೆ. ನನ್ನ 400 ಸೆಕೆಂಡ್ ಹ್ಯಾಂಡ್. ಅದಕ್ಕೂ ಮೊದಲು ನೋಡಿದ ಇನ್ನೊಂದರ ಹಿಂದಿನಿಂದ ಟಾರ್ಚ್ ಬಿಟ್ಟಾಗ ಒಳಗೆ ಜೇಡರ ಬಲೆಯಂಥ ಎಳೆ ಕಂಡು, ಬೇಡ ಅಂತ ಬಂದಿದ್ದೆ. ಹಳೆ ಲೆನ್ಸ್ ಕೊಳ್ಳುವವರು ಟಾರ್ಚ್ ಇಲ್ಲದೆ ಹೋಗಬೇಡಿ. ಮನೆಯಲ್ಲಿ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಇಟ್ಟಿದ್ದೇನೆ. ಮೀಟರ್ ಮುಳ್ಳು 40ರಿಂದ 50ರ ನಡುವೆ ಇದ್ದರೆ ನೆಮ್ಮದಿ.

ಹಳೆ 7ಡಿ ಮಾರ್ಕ್ 2 ಮಾರಲಿಲ್ಲ. ಅಕ್ಕನ ಮಗನಿಗೆ ಕೊಟ್ಟೆ. ಎರಡೂ ಕ್ಯಾಮೆರಾಗೆ ಒಂದೇ ಥರದ ಬ್ಯಾಟರಿ ಆಗುತ್ತದೆ. ಭಾನುವಾರ ಮಂಡಗದ್ದೆಗೆ ಇಬ್ಬರೂ ಹೊರಟರೆ ನಾಲ್ಕು ಬ್ಯಾಟರಿ ಒಂದೇ ಚೀಲದಲ್ಲಿ ಇರುತ್ತವೆ. ಹೋದ ವಾರ ಅವನು ಅದರಲ್ಲೇ ತೆಗೆದ ನೀರುಕಾಗೆ ಫೋಟೋ ತೋರಿಸಿದ. ಕಣ್ಣು ಚೂಪಾಗಿತ್ತು. "ಮಾವ, ನನ್ನ ಲೆನ್ಸಿಗೂ ಅಡಿಕೆ ಸಾಲು ಇಟ್ಟು ನೋಡಿದೆ, ಮೈನಸ್ 3 ಬಂತು" ಅಂದ.