ಅಮ್ಮ ಬೀಡಿ ಕಟ್ಟುತ್ತಾರಾ? ಈ ಸ್ಕಾಲರ್‌ಶಿಪ್ ಬಿಡಬೇಡಿ

ಬಂಟ್ವಾಳ, ಪುತ್ತೂರು ಕಡೆ ಎಷ್ಟೋ ಅಮ್ಮಂದಿರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸುತ್ತಾರೆ. ಆ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಸ್ಕಾಲರ್‌ಶಿಪ್ ಇದೆ. ಡಿಗ್ರಿ, ಪಾಲಿಟೆಕ್ನಿಕ್‌ಗೆ ವರ್ಷಕ್ಕೆ 6,000 ರೂಪಾಯಿ, ಇಂಜಿನಿಯರಿಂಗ್, ಮೆಡಿಕಲ್‌ಗೆ 25,000. ಸಂಡೂರು ಕಡೆಯ ಕಬ್ಬಿಣದ ಅದಿರು ಗಣಿ ಕಾರ್ಮಿಕರ ಮಕ್ಕಳೂ ಹಾಕಬಹುದು. ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ.

ಮೊದಲು ಅಮ್ಮನ ಬೀಡಿ ಕಾರ್ಡ್ (ಬೀಡಿ ಕಾರ್ಮಿಕರ ಗುರುತಿನ ಚೀಟಿ), ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಗಂಡನ ಹೆಸರು ಸೇರಿ, ಇನ್ನೊಂದರಲ್ಲಿ ಬರೀ ಇನಿಶಿಯಲ್ ಇರುತ್ತದೆ, ಅಲ್ವಾ? ಅದನ್ನು ಈಗಲೇ ಸರಿ ಮಾಡಿಸಿ, ಕೊನೆ ವಾರದಲ್ಲಿ ಓಡಾಡಿದರೆ ಆಗುವುದಿಲ್ಲ.

ಬ್ಯಾಂಕ್ ಖಾತೆ ವಿದ್ಯಾರ್ಥಿಯ ಹೆಸರಲ್ಲೇ ಇರಲಿ. ಆಧಾರ್ ಲಿಂಕ್ ಆಗಿದೆ ಅಂದರೆ ಸಾಲದು, ಡಿಬಿಟಿಗೆ, ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕೆ, ಆ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ.

ಆನ್‌ಲೈನ್‌ನಲ್ಲಿ ಸಬ್ಮಿಟ್ ಒತ್ತಿ ಸುಮ್ನೆ ಕೂರಬೇಡಿ. ಕಾಲೇಜಿನವರು ಪರಿಶೀಲಿಸಿ ಓಕೆ ಮಾಡಿದರೆ ಮಾತ್ರ ಅರ್ಜಿ ಮುಂದಕ್ಕೆ ಹೋಗುವುದು. ಪ್ರಿಂಟ್ ಹಿಡಿದು ಆಫೀಸಿಗೆ ಹೋಗಿ, ಸ್ಕಾಲರ್‌ಶಿಪ್ ನೋಡಿಕೊಳ್ಳುವವರನ್ನೇ ಕೇಳಿ. ಇನ್ನೊಂದು ವಿಷಯ, ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ. ಯಾವುದರಲ್ಲಿ ಜಾಸ್ತಿ ಬರುತ್ತದೋ ಲೆಕ್ಕ ಹಾಕಿಯೇ ಅರ್ಜಿ ಹಾಕಿ.