ಕೈಯಲ್ಲಿ ಕೆತ್ತಿದ ಮ್ಯಾಂಡೊಲಿನ್ ಮಾಡಿಸಿಕೊಳ್ಳುವುದು ಹೇಗೆ?

ಒಬ್ಬರೇ ಕೂತು ಮರ ಕೆತ್ತಿ, ವರ್ಷಕ್ಕೆ ಬೆರಳೆಣಿಕೆಯಷ್ಟು ಮ್ಯಾಂಡೊಲಿನ್ ಮಾತ್ರ ಮಾಡುವ ತಯಾರಕರು ಜಗತ್ತಿನ ಬೇರೆ ಬೇರೆ ಕಡೆ ಇದ್ದಾರೆ. ಅವರ ಹತ್ತಿರ ವಾದ್ಯ ಮಾಡಿಸುವುದರ ದೊಡ್ಡ ಲಾಭ ಏನು ಅಂತ ಕೇಳಿದರೆ ಸುಮಾರು ಜನ ನಾದ ಅನ್ನುತ್ತಾರೆ. ನಾನು ಮೊದಲು ಹೇಳುವುದು ಅಳತೆ. ನಿಮ್ಮ ಬೆರಳಿಗೆ, ನಿಮ್ಮ ಹಿಡಿತಕ್ಕೆ, ನೀವು ನುಡಿಸುವ ಸಂಗೀತಕ್ಕೆ ಹೊಂದುವ ಹಾಗೆ ಒಂದು ವಾದ್ಯ ಸಿಗುತ್ತದೆ. ಆದರೆ ಅದಕ್ಕೆ ಏನು ಬೇಕು ಅನ್ನುವುದು ನಿಮಗೇ ಗೊತ್ತಿರಬೇಕು ಅಲ್ವಾ? ಗೊತ್ತಿಲ್ಲದಿದ್ದರೆ ತಯಾರಕರು ತಮಗೆ ಸರಿ ಕಂಡಂತೆ ಮಾಡಿ ಕೊಡುತ್ತಾರೆ, ಅದು ಚೆನ್ನಾಗಿಯೂ ಇರಬಹುದು, ಆದರೆ ಅಷ್ಟು ದಿನ ಕಾದು ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಸಿಗಬೇಕಾದ್ದು ಸಿಕ್ಕಂತಾಗುವುದಿಲ್ಲ.

ಮ್ಯಾಂಡೊಲಿನ್ ಅಂದ ಕೂಡಲೇ ಯು. ಶ್ರೀನಿವಾಸ್ ನೆನಪಾಗುವುದು ಸಹಜ. ಅವರು ನುಡಿಸುತ್ತಿದ್ದದ್ದು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯ. ಇಲ್ಲಿ ಹೇಳುತ್ತಿರುವುದು ಟೊಳ್ಳು ಒಡಲಿನ, ಎಂಟು ತಂತಿಗಳ ವಾದ್ಯದ ಬಗ್ಗೆ. ನಾಲ್ಕು ಜೋಡಿ ತಂತಿ, ಪಿಟೀಲಿನ ಹಾಗೆ ಜಿ, ಡಿ, ಎ, ಇ ಶ್ರುತಿ.

ಮೊದಲು ಕೈ ಅಳೆಯಿರಿ

ಈಗ ನಿಮ್ಮ ಹತ್ತಿರ ಇರುವ ವಾದ್ಯವನ್ನೇ ತೆಗೆದುಕೊಳ್ಳಿ. ಸಾಧಾರಣದ್ದಾದರೂ ಪರವಾಗಿಲ್ಲ. ನೆಕ್ಕಿನ (ಎಡಗೈಯಲ್ಲಿ ಹಿಡಿಯುವ ಉದ್ದನೆ ಭಾಗದ) ತುದಿಯಲ್ಲಿ ತಂತಿಗಳು ಕೂರುವ ನಟ್ ಇದೆಯಲ್ಲ, ಅದರ ಅಗಲ ಅಳೆಯಿರಿ. ಸಾಮಾನ್ಯವಾಗಿ 28 ಮಿ.ಮೀ. ಆಸುಪಾಸು ಇರುತ್ತದೆ. ಅಗಲದ ನೆಕ್ ಅಂದರೆ ಸುಮಾರು 30 ಮಿ.ಮೀ. ವ್ಯತ್ಯಾಸ ಒಂದೂವರೆ ಎರಡು ಮಿಲಿಮೀಟರ್ ಅಷ್ಟೇ, ಆದರೆ ದಪ್ಪ ಬೆರಳಿನವರು ಒಂದು ಜೋಡಿ ಒತ್ತಿದಾಗ ಪಕ್ಕದ ಜೋಡಿ ಮಂಕಾಗುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ನೆಕ್ಕಿನ ಹಿಂಬದಿ ಗುಂಡಗಿರಬೇಕೋ, ಸ್ವಲ್ಪ ವಿ ಆಕಾರದಲ್ಲಿರಬೇಕೋ, ಬೆರಳು ಒತ್ತುವ ಫ್ರೆಟ್ ಹಲಗೆ ಚಪ್ಪಟೆಯೋ ಉಬ್ಬೋ, ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಫ್ರೆಟ್ ತಂತಿ ಸಣ್ಣದೋ ದಪ್ಪವೋ, ಇದೆಲ್ಲ ನುಡಿಸಿ ನೋಡಿದರೆ ಮಾತ್ರ ಗೊತ್ತಾಗುವುದು. ಸಿಕ್ಕವರ ವಾದ್ಯವನ್ನೆಲ್ಲ ಕೇಳಿ ಪಡೆದು ನುಡಿಸಿ. ಇಷ್ಟವಾದದ್ದರ ಅಳತೆ ಬರೆದಿಟ್ಟುಕೊಳ್ಳಿ.

ಎ ಮಾದರಿಯೋ ಎಫ್ ಮಾದರಿಯೋ

ಈಗ ಜಾಸ್ತಿ ಜನ ಮಾಡುವ ಮ್ಯಾಂಡೊಲಿನ್‌ಗಳ ಮೂಲ ಅಮೆರಿಕದ ವಾದ್ಯ ತಯಾರಕ ಆರ್ವಿಲ್ ಗಿಬ್ಸನ್. ಪಿಟೀಲಿನ ಹಾಗೆ ಮೇಲ್ಹಲಗೆ, ಹಿಂಬದಿ ಹಲಗೆ ಎರಡನ್ನೂ ಕಮಾನಿನಂತೆ ಕೆತ್ತುವ ಪದ್ಧತಿಗೆ ಅವರು 1898ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಗಿಬ್ಸನ್ ಕಂಪನಿಯಲ್ಲಿ ಲಾಯ್ಡ್ ಲೋರ್ ಇದ್ದಾಗ, 1922ರಲ್ಲಿ, ಎಫ್-5 ಅನ್ನುವ ಮ್ಯಾಂಡೊಲಿನ್ ಬಂತು. ಬಿಲ್ ಮನ್ರೋ ಅಮೆರಿಕದ ಬ್ಲೂಗ್ರಾಸ್ ಸಂಗೀತ ಕಟ್ಟಿದ್ದು ಇಂಥದೇ ವಾದ್ಯದ ಮೇಲೆ, ಅದರ ಚೀಟಿಯ ಮೇಲೆ 1923ರ ಜುಲೈ 9ರ ತಾರೀಕಿನ ಜೊತೆ ಲೋರ್ ಸಹಿ ಇದೆ. ಹಾಗಾಗಿ ಒಡಲಿನ ಮೇಲೆ ಸುರುಳಿ ಇರುವ ಎಫ್ ಮಾದರಿ ಎಲ್ಲರಿಗೂ ಬೇಕು.

ನೋಡಲು ಅದು ತುಂಬ ಚೆಂದ, ಒಪ್ಪುತ್ತೇನೆ. ಆದರೆ ಆ ಸುರುಳಿ, ಚೂಪು ಮೂಲೆಗಳು, ಅಂಚಿನ ಪಟ್ಟಿಯನ್ನು ಬಗ್ಗಿಸಿ ಕೂರಿಸುವ ಕೆಲಸ ತಯಾರಕರ ಎಷ್ಟೋ ದಿನ ತಿನ್ನುತ್ತದೆ, ಬೆಲೆಯೂ ಅಷ್ಟೇ ಏರುತ್ತದೆ. ನಾದಕ್ಕೆ ಅದರಿಂದ ಸಿಗುವುದು ಬಹಳ ಕಡಿಮೆ. ಅದೇ ತಯಾರಕರು, ಅದೇ ಮರದಲ್ಲಿ ಮಾಡಿದ ನೀರಹನಿ ಆಕಾರದ ಎ ಮಾದರಿ ಕಡಿಮೆ ಬೆಲೆಗೆ ಅಷ್ಟೇ ಚೆನ್ನಾಗಿ ಹಾಡುತ್ತದೆ. ಮೊದಲ ಬಾರಿ ಮಾಡಿಸುವವರು ಎ ಮಾದರಿಯನ್ನೇ ತೆಗೆದುಕೊಳ್ಳಿ, ಉಳಿದ ದುಡ್ಡನ್ನು ಒಳ್ಳೆಯ ಮರಕ್ಕೂ ಗಟ್ಟಿ ಪೆಟ್ಟಿಗೆಗೂ ಹಾಕಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೇಲ್ಹಲಗೆಯ ತೂತು ಮಾತ್ರ ನಾದವನ್ನು ನಿಜಕ್ಕೂ ಬದಲಿಸುತ್ತದೆ. ಪಿಟೀಲಿನಂಥ ಎಫ್ ತೂತು ಇದ್ದರೆ ಸ್ವರ ಚುರುಕಾಗಿ, ಮುಂದೆ ನುಗ್ಗಿ ಬರುತ್ತದೆ, ಗುಂಪಿನಲ್ಲಿ ನುಡಿಸುವವರಿಗೆ ಅದು ಬೇಕು. ಮೊಟ್ಟೆಯಾಕಾರದ ಒಂದೇ ತೂತಿದ್ದರೆ ಸ್ವರ ದುಂಡಗೆ, ಮೆತ್ತಗೆ ಇರುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ಒಂಟಿಯಾಗಿ ನುಡಿಸುವವರಿಗೆ ಇದೇ ಹಿತ. ಮರದ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಮೇಲೆ ಸ್ಪ್ರೂಸ್, ಹಿಂದೆ ಮೇಪಲ್, ಅದರಲ್ಲಿ ಯಾವ ಬಗೆ ಅನ್ನುವುದನ್ನು ತಯಾರಕರಿಗೇ ಬಿಡಿ. ವಾದ್ಯ ದೇಶದ ಗಡಿ ದಾಟಿ ಬರುವುದಾದರೆ ಬ್ರೆಜಿಲ್‌ನ ರೋಸ್‌ವುಡ್ ಬೇಡ ಅಂತ ಮೊದಲೇ ಹೇಳಿಬಿಡಿ. 1992ರಿಂದ ಅದರ ಅಂತರರಾಷ್ಟ್ರೀಯ ವಹಿವಾಟಿಗೆ ಬಿಗಿ ನಿರ್ಬಂಧ ಇದೆ.

ತಯಾರಕರ ಜೊತೆ ಮಾತು

ಒಪ್ಪಂದ ಬರಹದಲ್ಲಿರಲಿ. ಮುಂಗಡ ಎಷ್ಟು, ಯಾವಾಗ ಮುಗಿಯುತ್ತದೆ, ಬಂದ ಮೇಲೆ ಎಷ್ಟು ದಿನ ನುಡಿಸಿ ನೋಡಿ ವಾಪಸ್ ಕೊಡಬಹುದು, ರಿಪೇರಿ ಹೊಣೆ ಯಾರದು, ವಾದ್ಯ ಕೈ ಬದಲಾದರೆ ಆ ಹೊಣೆ ಮುಂದುವರಿಯುತ್ತದಾ, ಇಷ್ಟು ಕೇಳಿ. ಕಾಯುವುದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ನಡುವೆ ಪದೇಪದೇ ಫೋನ್ ಮಾಡಿ ಅವಸರ ಮಾಡಬೇಡಿ. ಮೇಲ್ಹಲಗೆಯನ್ನು ನಡುವೆ ನಾಲ್ಕೈದು ಮಿ.ಮೀ. ಉಳಿಸಿ, ಅಂಚಿಗೆ ಬರುತ್ತ ಮೂರರ ಹತ್ತಿರ ತರಬೇಕು. ಕೆತ್ತುವುದು, ತಟ್ಟಿ ಕೇಳುವುದು, ಬಗ್ಗಿಸಿ ನೋಡುವುದು, ಮತ್ತೆ ಒಂದಿಷ್ಟು ಕೆತ್ತುವುದು. ಅವಸರದ ಕೈಯಲ್ಲಿ ಒಂದು ಸಲ ಜಾಸ್ತಿ ತೆಗೆದ ಮರ ವಾಪಸ್ ಬರುವುದಿಲ್ಲ.

ನಿಮಗೆ ಬೇಕಾದ ನಾದವನ್ನು ಮಾತಿನಲ್ಲಿ ವರ್ಣಿಸಲು ಹೋಗಬೇಡಿ. ಒಬ್ಬರ "ಬೆಚ್ಚಗಿನ ನಾದ" ಇನ್ನೊಬ್ಬರಿಗೆ ಮಂಕು. ನಿಮಗೆ ಇಷ್ಟವಾದ ಎರಡು ಮೂರು ಧ್ವನಿಮುದ್ರಣ ಕಳಿಸಿ, ನೀವೇ ನುಡಿಸಿದ್ದನ್ನೂ ಒಂದು ಕಳಿಸಿ. ನಿಮ್ಮ ಮೀಟು ಜೋರೋ ಹಗುರವೋ ಅನ್ನುವುದು ಅವರಿಗೆ ಅದರಲ್ಲೇ ತಿಳಿಯುತ್ತದೆ.

ವಾದ್ಯ ಕೈಗೆ ಬಂದಾಗ

ಪೆಟ್ಟಿಗೆ ಬಂದ ಕೂಡಲೇ ತೆರೆಯಬೇಡಿ. ಕೋಣೆಯ ಹವೆಗೆ ಹೊಂದಿಕೊಳ್ಳಲು ಒಂದು ದಿನ ಹಾಗೇ ಬಿಡಿ. ತೆರೆದ ಮೇಲೆ ಮೊದಲು ಬ್ರಿಡ್ಜ್, ಅಂದರೆ ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು, ನೋಡಿ. ಮ್ಯಾಂಡೊಲಿನ್‌ನ ಬ್ರಿಡ್ಜನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ಹಾಗಾಗಿ ಸಾಗಣೆಯಲ್ಲಿ ಸರಿದಿರಬಹುದು. ತೆಳು ಕಾಗದದ ಚೂರನ್ನು ಅದರ ಪಾದದ ಅಡಿ ತೂರಿಸಿ ನೋಡಿ, ಎಲ್ಲೂ ಒಳಗೆ ಹೋಗಬಾರದು. ಈಗ ಒಂದು ತಂತಿಯ 12ನೇ ಫ್ರೆಟ್ ಮೇಲೆ ಬೆರಳನ್ನು ಸುಮ್ನೆ ತಾಕಿಸಿ ಮೀಟಿ, ಗಂಟೆಯಂಥ ಸ್ವರ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಇರಬೇಕು, ಕಿವಿ ಸಾಲದಿದ್ದರೆ ಟ್ಯೂನರ್ ಇಡಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಕೂದಲೆಳೆಯಷ್ಟು ಬಾಲದ (ತಂತಿಗಳನ್ನು ಸಿಕ್ಕಿಸುವ ತುದಿಯ) ಕಡೆಗೆ, ಇಳಿದಿದ್ದರೆ ನೆಕ್ ಕಡೆಗೆ ಸರಿಸಿ. ಸರಿಸುವ ಮುಂಚೆ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಇಲ್ಲದಿದ್ದರೆ ಮೇಲ್ಹಲಗೆಯ ಪಾಲಿಶ್ ಗೀಚಿ ಹೋಗುತ್ತದೆ.

12ನೇ ಫ್ರೆಟ್ ಹತ್ತಿರ ತಂತಿಯ ಎತ್ತರ ಇ ಜೋಡಿಗೆ ಒಂದೂವರೆ ಮಿ.ಮೀ., ಜಿ ಜೋಡಿಗೆ ಎರಡರ ಆಸುಪಾಸು ಇದ್ದರೆ ನುಡಿಸಲು ಆರಾಮ. ಮೊದಲ ಫ್ರೆಟ್‌ಗಳಲ್ಲೇ ಬೆರಳು ನೋಯುತ್ತಿದ್ದರೆ ತಪ್ಪು ನಟ್‌ನಲ್ಲಿರಬಹುದು. ಎರಡನೇ ಫ್ರೆಟ್ ದಾಟಿ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಕಂಡೂ ಕಾಣದಷ್ಟಿರಬೇಕು. ಜಾಸ್ತಿ ಇದ್ದರೆ ನೀವೇ ಅರ ಹಿಡಿಯಬೇಡಿ, ಫೋಟೊ ತೆಗೆದು ತಯಾರಕರಿಗೆ ಕಳಿಸಿ.

ನುಡಿಸುವುದು, ನೋಡಿಕೊಳ್ಳುವುದು

ಕೈಕೆತ್ತನೆಯ ಒಳ್ಳೆಯ ವಾದ್ಯ ಸಣ್ಣ ಮೀಟಿಗೂ ಮಾತಾಡುತ್ತದೆ. ಹಳೆ ವಾದ್ಯದಲ್ಲಿ ಜೋರಾಗಿ ಬಡಿಯುವ ಅಭ್ಯಾಸ ಇದ್ದರೆ ಬಿಡಬೇಕಾಗುತ್ತದೆ. 1.2ರಿಂದ 1.5 ಮಿ.ಮೀ. ದಪ್ಪದ, ತುದಿ ಸ್ವಲ್ಪ ಗುಂಡಗಿರುವ ಪಿಕ್ (ತಂತಿ ಮೀಟುವ ಬಿಲ್ಲೆ) ತೆಗೆದುಕೊಳ್ಳಿ, ಸಡಿಲವಾಗಿ ಹಿಡಿಯಿರಿ. ತೆಳು ಪಿಕ್ಕಿನಲ್ಲಿ ತಂತಿಗಿಂತ ಪಿಕ್ಕಿನ ಸದ್ದೇ ಜಾಸ್ತಿ. ಜೋಡಿಯ ಎರಡೂ ತಂತಿಗೆ ಸಮವಾಗಿ ತಾಗುತ್ತಿದೆಯಾ ಅಂತ ನಿಧಾನ ಲಯದಲ್ಲಿ ಕೇಳಿಕೊಳ್ಳಿ.

ತಂತಿ ಬದಲಿಸುವಾಗ ಒಂದೊಂದನ್ನೇ ಬದಲಿಸಿ. ಎಂಟನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಬಿದ್ದು, ಅದರ ಜಾಗವೇ ತಪ್ಪಿ ಹೋಗುತ್ತದೆ. ಕೊಳ್ಳುವಾಗ ಕುಣಿಕೆ ತುದಿಯ ತಂತಿ ಅಂತ ನೋಡಿ ಕೊಳ್ಳಿ. ಹವೆಯ ತೇವ 40ರಿಂದ 55 ಶೇಕಡ ಒಳಗಿರಲಿ, ಪೆಟ್ಟಿಗೆಯಲ್ಲಿ ತೇವಮಾಪಕ ಇಟ್ಟರೆ ಒಳ್ಳೆಯದು. ತುಂಬ ಒಣಗಿದರೆ ಮರ ಬಿರುಕು ಬಿಡುತ್ತದೆ, ತೇವ ಏರಿದರೆ ಮೇಲ್ಹಲಗೆ ಉಬ್ಬಿ ತಂತಿ ಮೇಲೇರುತ್ತದೆ. ಸ್ಪಿರಿಟ್ ವಾರ್ನಿಶ್ ಹಾಕಿದ ವಾದ್ಯವಾದರೆ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಲೇಬೇಡಿ, ಅದರ ಆಲ್ಕೊಹಾಲ್ ವಾರ್ನಿಶ್ಶನ್ನು ಕರಗಿಸುತ್ತದೆ. ನುಡಿಸಿದ ಮೇಲೆ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಎಂಟು ತಂತಿಗಳ ಒಟ್ಟು ಎಳೆತ ಸುಮಾರು 70ರಿಂದ 80 ಕೆಜಿ. ಹೊಸ ವಾದ್ಯ ಅದಕ್ಕೆ ಒಗ್ಗಿಕೊಳ್ಳುತ್ತ ಮೊದಲ ಕೆಲವು ತಿಂಗಳಲ್ಲಿ ನೆಕ್, ಮೇಲ್ಹಲಗೆ ಎರಡೂ ಒಂಚೂರು ಸರಿಯುತ್ತವೆ. ಆದ್ದರಿಂದ ಬಂದ ದಿನ 12ನೇ ಫ್ರೆಟ್‌ನಲ್ಲಿ ಅಳೆದ ಎತ್ತರವನ್ನು ಬರೆದಿಟ್ಟು, ಆರು ತಿಂಗಳಾದ ಮೇಲೆ ಇನ್ನೊಮ್ಮೆ ಅಳೆದು ಎರಡನ್ನೂ ತಯಾರಕರಿಗೆ ತಿಳಿಸಿ. ನೆಕ್ಕಿನ ಒಳಗಿರುವ ಟ್ರಸ್ ರಾಡ್ ಅನ್ನುವ ಸರಳನ್ನು ತಿರುಗಿಸಬೇಕೋ, ಬ್ರಿಡ್ಜ್ ಇಳಿಸಬೇಕೋ, ಹಾಗೇ ಬಿಡಬೇಕೋ ಅಂತ ಅವರೇ ಹೇಳುತ್ತಾರೆ.