ಪಶುವೈದ್ಯರ ಬೆನ್ನಿಗಿದ್ದು ವೃತ್ತಿಯನ್ನು ಅರಿಯುವ ಬಗೆ: ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ

ಡೊಂಬಿವಲಿ, ಘಾಟ್ಕೋಪರ್, ಗೋರೆಗಾಂವ್‌ಗಳ ಕನ್ನಡ ಮನೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗನೋ ಮಗಳೋ ಪಶುವೈದ್ಯಕೀಯ ಓದುತ್ತೇನೆಂದರೆ, ಊರಿನ ಅಜ್ಜನಿಗೆ ಕಣ್ಣ ಮುಂದೆ ಬರುವುದು ಸೈಕಲ್ಲಿನಲ್ಲಿ ಹಟ್ಟಿಗೆ ಬರುತ್ತಿದ್ದ ದನದ ಡಾಕ್ಟರು. ಮಕ್ಕಳಿಗೆ ಕಾಣುವುದು ರಸ್ತೆಯಾಚೆಯ ಹವಾನಿಯಂತ್ರಿತ ನಾಯಿ-ಬೆಕ್ಕುಗಳ ದವಾಖಾನೆ. ಎರಡೂ ನಿಜ, ಆದರೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಹಿಡಿಯುವ ಪದವಿಗೆ ಕಾಲಿಡಲು ಇಷ್ಟೇ ಸಾಲದು. ಅದಕ್ಕಾಗಿ ಕೆಲಸದಲ್ಲಿರುವ ವೈದ್ಯರೊಬ್ಬರ ಹಿಂದೆ ಕೆಲವು ದಿನ ನಿಂತು ನೋಡುವುದು ಒಳ್ಳೆಯದು. ನೋಡಬೇಕಾದದ್ದು ನಿಮಗೆ ಪ್ರಾಣಿಗಳ ಮೇಲೆ ಎಷ್ಟು ಪ್ರೀತಿಯಿದೆ ಎಂಬುದನ್ನಲ್ಲ, ಅದು ಮೊದಲೇ ಗೊತ್ತಿರುತ್ತದೆ. ಮಾತನಾಡಲಾರದ ರೋಗಿಯ ಪರವಾಗಿ, ಮಾತನಾಡುವ ಮತ್ತು ಹಣ ಕೊಡುವ ಮಾಲೀಕನೊಡನೆ ದಿನವಿಡೀ ವ್ಯವಹರಿಸುವ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದನ್ನು ನೋಡಬೇಕು.

ಒಂದೇ ಜಾಗಕ್ಕೆ ಹೋಗಿ ತೀರ್ಮಾನಕ್ಕೆ ಬರಬಾರದು. ಮನೆಯ ಹತ್ತಿರದ ಖಾಸಗಿ ದವಾಖಾನೆಯಿಂದ ಆರಂಭಿಸುವುದು ಸುಲಭ. ಅಲ್ಲಿ ಲಸಿಕೆ, ಚರ್ಮದ ತುರಿಕೆ, ವಾಂತಿ-ಭೇದಿ, ಹಲ್ಲಿನ ಕೊಳೆ ಇವುಗಳೇ ದಿನದ ಬಹುಪಾಲು. ಪರೇಲಿನಲ್ಲಿರುವ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಂಥ ದೊಡ್ಡ ಧರ್ಮಾರ್ಥ ಆಸ್ಪತ್ರೆಯಲ್ಲಿ ನೋಟವೇ ಬೇರೆ: ಬೀದಿನಾಯಿ, ಗಾಳಿಪಟದ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಪಾರಿವಾಳ, ಹಸು, ಎಲ್ಲವೂ ಒಂದೇ ಆವರಣದಲ್ಲಿ. 1886ರಲ್ಲಿ ಆರಂಭವಾದ ಬಾಂಬೆ ಪಶುವೈದ್ಯಕೀಯ ಕಾಲೇಜು ಇರುವುದೂ ಪರೇಲಿನಲ್ಲೇ. ಆದರೆ ನನ್ನ ಅಭಿಪ್ರಾಯದಲ್ಲಿ ಎಮ್ಮೆಯ ತಬೇಲಾ, ಅಂದರೆ ಹಾಲಿನ ಕೊಟ್ಟಿಗೆ, ನೋಡದೆ ಮುಂಬಯಿಯ ವಿದ್ಯಾರ್ಥಿಯ ಅಧ್ಯಯನ ಪೂರ್ಣವಾಗುವುದಿಲ್ಲ. 1949ರಲ್ಲಿ ಸ್ಥಾಪನೆಯಾದ ಆರೇ ಹಾಲಿನ ಕಾಲೊನಿ ಗೋರೆಗಾಂವ್‌ನಲ್ಲೇ ಇದೆ. ತಬೇಲಾಗಳಿಗೆ ಭೇಟಿ ಕೊಡುವ ವೈದ್ಯರು ಯಾರೆಂದು ನಿಮ್ಮ ಬಡಾವಣೆಯ ಹಾಲಿನವರನ್ನು ಕೇಳಿದರೆ ಸಾಕು, ಹೆಸರು ಸಿಗುತ್ತದೆ. ಪುಣೆಯಲ್ಲಿ ನೆಂಟರಿದ್ದರೆ, ಹಸುಗಳ ತಳಿ ಅಭಿವೃದ್ಧಿ ಮತ್ತು ಕೃತಕ ಗರ್ಭಧಾರಣೆಗೆ ಹೆಸರಾದ, ಮಣಿಭಾಯಿ ದೇಸಾಯಿಯವರು 1967ರಲ್ಲಿ ಉರಳಿ ಕಾಂಚನದಲ್ಲಿ ಕಟ್ಟಿದ ಬೈಫ್ ಸಂಸ್ಥೆಯಲ್ಲಿಯೂ ಅನುಮತಿಗಾಗಿ ವಿಚಾರಿಸಬಹುದು.

ವೈದ್ಯರನ್ನು ಕೇಳುವಾಗ ಪತ್ರ ಚಿಕ್ಕದಾಗಿರಲಿ: ನೀವು ಯಾರು, ಯಾವ ತರಗತಿ, ಯಾವ ದಿನಗಳಲ್ಲಿ ಎಷ್ಟು ಹೊತ್ತು ಬರಬಲ್ಲಿರಿ, ಯಾವುದನ್ನೂ ಮುಟ್ಟದೆ ನೋಡುವುದಷ್ಟೇ ನಿಮ್ಮ ಉದ್ದೇಶ ಎಂಬುದು. ಹದಿನೆಂಟು ತುಂಬದವರು ಪೋಷಕರ ಒಪ್ಪಿಗೆಪತ್ರವನ್ನು ಕೇಳುವ ಮೊದಲೇ ಜೊತೆಗಿಡಬೇಕು. ರೋಗಿಗಳ ಸಾಲು ಇರುವಾಗ ಒಳನುಗ್ಗದೆ, ಬೆಳಗಿನ ಸರದಿ ಮುಗಿಯುವ ಹೊತ್ತಿಗೆ ಹೋಗಿ ಭೇಟಿಯಾಗಬೇಕು. ಇಬ್ಬರು ಒಲ್ಲೆನೆಂದರೆ ಬೇಸರಿಸಬೇಕಾಗಿಲ್ಲ. ಇಕ್ಕಟ್ಟಾದ ದವಾಖಾನೆಯಲ್ಲಿ ಇನ್ನೊಬ್ಬರು ನಿಲ್ಲಲು ಜಾಗವಿಲ್ಲದಿರುವುದೇ ಎಷ್ಟೋ ಸಲ ನಿಜವಾದ ಕಾರಣ.

ಹೋಗುವ ಮೊದಲು ಆರೋಗ್ಯದ ವಿಷಯವನ್ನು ತಂದೆತಾಯಿಯರೂ ಗಂಭೀರವಾಗಿ ತೆಗೆದುಕೊಳ್ಳಬೇಕು. ರೇಬೀಸ್ ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪವಾದ್ದರಿಂದ, ಮುಂಜಾಗ್ರತೆಯ ಲಸಿಕೆಯನ್ನು ಕುಟುಂಬದ ವೈದ್ಯರನ್ನು ಕೇಳಿ ಮುಗಿಸಿಕೊಂಡೇ ಹೋಗಬೇಕು. ಡೋಸುಗಳ ನಡುವೆ ಅಂತರವಿರುವುದರಿಂದ ರಜೆ ಶುರುವಾದ ಮೇಲೆ ಯೋಚಿಸಿದರೆ ತಡವಾಗುತ್ತದೆ. ಧನುರ್ವಾಯುವಿನ ಚುಚ್ಚುಮದ್ದನ್ನೂ ನೋಡಿಕೊಳ್ಳಬೇಕು. ನಾಯಿಯೋ ಬೆಕ್ಕೋ ಕಚ್ಚಿದರೆ ಅಥವಾ ಪರಚಿದರೆ ಅರಸಿನ, ಮೆಣಸಿನಪುಡಿ ಹಚ್ಚದೆ, ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮೊದಲೇ ಲಸಿಕೆ ಪಡೆದವರಿಗೂ ಆಗ ಹೆಚ್ಚುವರಿ ಡೋಸುಗಳು ಬೇಕಾಗುತ್ತವೆ. ಮಳೆಗಾಲದ ಮುಂಬಯಿಯಲ್ಲಿ ಇಲಿಜ್ವರದ ಭಯ ಇದ್ದೇ ಇದೆ. ಅದರ ರೋಗಾಣುಗಳು ಇಲಿ, ನಾಯಿ, ಜಾನುವಾರುಗಳ ಮೂತ್ರದಿಂದ ನಿಂತ ನೀರಿಗೆ ಸೇರುವುದರಿಂದ ತಬೇಲಾಕ್ಕೆ ಚಪ್ಪಲಿಯಲ್ಲಿ ಹೋಗಬಾರದು, ಗಮ್‌ಬೂಟು ಬೇಕು. ಗರ್ಭಪಾತವಾದ ಹಸು-ಎಮ್ಮೆಗಳ ಸ್ರಾವದಿಂದ ಬ್ರುಸೆಲ್ಲೋಸಿಸ್ ಎಂಬ ಸೋಂಕು ಮನುಷ್ಯರಿಗೂ ತಗಲುತ್ತದೆ, ಆದಕಾರಣ ಅಂಥ ಕಡೆ ದೂರ ನಿಲ್ಲುವುದೇ ಸರಿ. ಎಕ್ಸ್‌ರೇ ಕೋಣೆಯ ಬಾಗಿಲಿನ ಹೊರಗಿರಬೇಕು. ನಿಮ್ಮ ಮನೆಯಲ್ಲೇ ಲಸಿಕೆ ಪೂರ್ಣವಾಗದ ನಾಯಿಮರಿ ಇದ್ದರೆ ದವಾಖಾನೆಯ ಬಟ್ಟೆ, ಪಾದರಕ್ಷೆಗಳನ್ನು ಬೇರೆಯಾಗಿಡಬೇಕು. ನಾಯಿಮರಿಗಳಿಗೆ ಮಾರಕ ವಾಂತಿ-ಭೇದಿ ತರುವ ಪಾರ್ವೋ ವೈರಸ್ ನೀವೇ ಹೊತ್ತು ತರುವಷ್ಟು ಗಟ್ಟಿ ಜೀವ.

ದವಾಖಾನೆಯೊಳಗೆ ಎಲ್ಲಿ ನಿಲ್ಲಬೇಕೆಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಸಿರಿಂಜು ಹಿಡಿಯುವ ಆಸೆ ಬೇಡ: 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ನೀಡುವ ಅಧಿಕಾರ ನೋಂದಾಯಿತ ವೈದ್ಯರದು, ಮತ್ತು ಉತ್ಸಾಹಿ ವೈದ್ಯರೊಬ್ಬರು ನಿಮ್ಮ ಕೈಗೆ ಸೂಜಿ ಕೊಟ್ಟರೂ ವಿನಯದಿಂದ ನಿರಾಕರಿಸುವುದೇ ಮರ್ಯಾದೆ. ಮಾಲೀಕರ ಎದುರಿನಲ್ಲಿ ಪ್ರಶ್ನೆ ಕೇಳುವುದು, ಸಲಹೆ ಕೊಡುವುದು, ಫೋಟೊ ತೆಗೆಯುವುದು ಸಲ್ಲದು. ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಚಹಾದ ಹೊತ್ತಿಗೆ ಕೇಳಬೇಕು. ಶಸ್ತ್ರಕ್ರಿಯೆ ನೋಡುವ ದಿನ ಹೊಟ್ಟೆಗೆ ತಿಂದು ಹೋಗಿ, ತಲೆ ಸುತ್ತಿದಂತಾದರೆ ಹೇಳಿ ನೆಲದ ಮೇಲೆ ಕುಳಿತುಬಿಡಿ. ಮೊದಲ ಸಲ ಹಾಗಾದ ಮಾತ್ರಕ್ಕೆ ನೀವು ಈ ವೃತ್ತಿಗೆ ಅನರ್ಹರೆಂದು ಅರ್ಥವಲ್ಲ.

ಸುಮ್ಮನೆ ನಿಂತು ನೋಡಿದರೆ ಎರಡನೆಯ ದಿನಕ್ಕೇ ಬೇಸರ ಬರುತ್ತದೆ, ಹಾಗಾಗಿ ವೈದ್ಯರ ಕೈ ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನು ಗಮನಿಸುವುದನ್ನು ರೂಢಿಸಿಕೊಳ್ಳಬೇಕು. ನಾಯಿಯ ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ತಡವಾದರೆ ರಕ್ತಪರಿಚಲನೆ ಕುಂದಿದೆ ಎಂಬ ಸೂಚನೆ. ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ, ನಮಗೆ ಜ್ವರವೆನಿಸುವುದು ಅದಕ್ಕೆ ಆರೋಗ್ಯ. ಹಸು-ಎಮ್ಮೆಗಳ ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ವೈದ್ಯರು ಮುಷ್ಟಿಯೊತ್ತಿ ಕಾಯುವುದು ಮೆಲುಕುಚೀಲದ ಅಲುಗಾಟವನ್ನು ಎಣಿಸಲು. ಎರಡು ನಿಮಿಷಕ್ಕೆ ಎರಡು-ಮೂರು ಸಲ ಅದು ಉಬ್ಬಿ ಇಳಿದರೆ ಸರಿ. ಪ್ರತಿ ರೋಗಿಗೂ ಪ್ರಾಣಿಯ ವಯಸ್ಸು, ಮಾಲೀಕರ ದೂರು, ವೈದ್ಯರು ಕಂಡದ್ದು, ಮೊದಲು ಶಂಕಿಸಿದ ರೋಗ, ಕೊನೆಗೆ ನಿಶ್ಚಯವಾದದ್ದು ಇಷ್ಟನ್ನು ಮಾಲೀಕರ ಹೆಸರಿಲ್ಲದೆ ಬರೆದಿಡಿ. ಶಂಕೆಗೂ ನಿಶ್ಚಯಕ್ಕೂ ನಡುವಿನ ದಾರಿಯಲ್ಲೇ ಈ ವಿದ್ಯೆಯ ಸತ್ವವಿದೆ.

ಔಷಧದ ಆಯ್ಕೆಯ ಬಗ್ಗೆಯೂ ಕೇಳಿ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು, ಏಕೆಂದರೆ ಅದನ್ನು ಪಡೆದು ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಮಲಬಾರ್ ಹಿಲ್‌ನ ಪಾರ್ಸಿ ದೋಖ್ಮಾಗಳಿಗೆ, ಅಂದರೆ ಶವಗಳನ್ನು ಹದ್ದುಗಳಿಗೆ ಬಿಡುವ ಗೋಪುರಗಳಿಗೆ, ಹದ್ದುಗಳು ಬಾರದಂತಾದದ್ದಕ್ಕೂ ತಬೇಲಾದ ಒಂದು ಚುಚ್ಚುಮದ್ದಿಗೂ ಹೀಗೆ ಸಂಬಂಧವಿದೆ.

ತಬೇಲಾದಲ್ಲಿ ಅತ್ಯಂತ ಹೆಚ್ಚು ಕಲಿಸುವುದು ಕೆಚ್ಚಲು ಬಾವಿನ ಪ್ರಕರಣ. ರೋಗ ಗುರುತಿಸುವುದು ಅಷ್ಟು ಕಷ್ಟವಲ್ಲ. ಆ್ಯಂಟಿಬಯಾಟಿಕ್ ಕೊಟ್ಟ ಎಮ್ಮೆಯ ಹಾಲನ್ನು ನಿಗದಿತ ದಿನಗಳವರೆಗೆ ಮಾರಬಾರದೆಂದು, ಅಂದಂದಿನ ಹಾಲಿನ ದುಡ್ಡಿನಲ್ಲೇ ಹಿಂಡಿ-ಹುಲ್ಲು ತರುವ ಮನುಷ್ಯನನ್ನು ಒಪ್ಪಿಸುವುದು ಕಷ್ಟ. ಅದಕ್ಕೆ ಹಿಂದಿ, ಮರಾಠಿ ಎರಡೂ ಬರಬೇಕು, ತಾಳ್ಮೆಯೂ ಬೇಕು. ಖಾಸಗಿ ದವಾಖಾನೆಯಲ್ಲೂ ಇದೇ ಹಣದ ಮಾತು ಬೇರೆ ರೂಪದಲ್ಲಿ ಬರುತ್ತದೆ: ಗುಣವಾಗಬಲ್ಲ ಬೆಕ್ಕನ್ನು ಖರ್ಚು ಭರಿಸಲಾಗದೆ ಮನೆಗೆ ಒಯ್ಯುವವರಿರುತ್ತಾರೆ, ಗುಣವಾಗದ ನಾಯಿಯನ್ನು ಬಿಡಲಾರದೆ ನರಳಿಸುವವರೂ ಇರುತ್ತಾರೆ. ದಯಾಮರಣದ ಸಂದರ್ಭ ಬಂದರೆ ಕುಟುಂಬದವರು ಒಪ್ಪಿದಾಗ ಮಾತ್ರ ಒಳಗಿರಿ. ಅವರು ಹೋದ ಮೇಲೆ ಮುಂದಿನ ರೋಗಿಯನ್ನು ವೈದ್ಯರು ಯಾವ ಮುಖದಿಂದ ಕರೆಯುತ್ತಾರೆ ಎಂಬುದನ್ನು ಗಮನಿಸಿ.

ವೈದ್ಯರ ಗಳಿಕೆ, ರಾತ್ರಿಯ ಕರೆಗಳು, ರಜೆ ಇವುಗಳ ಬಗ್ಗೆ ಕೇಳಲು ಸಂಕೋಚ ಪಡಬೇಡಿ, ಆದರೆ ಒಬ್ಬರ ಉತ್ತರವನ್ನು ಎಲ್ಲರದೆಂದು ತಿಳಿಯಬೇಡಿ. ಸರ್ಕಾರಿ ಪಶುಧನ ಅಧಿಕಾರಿ, ಮಾಂಸ ತಪಾಸಣೆಯ ವೈದ್ಯ, ಲಸಿಕೆ ತಯಾರಿಸುವವರು, ಸೇನೆಯ ರಿಮೌಂಟ್ ಮತ್ತು ವೆಟರ್ನರಿ ಕೋರ್‌ನವರು, ಇವರೆಲ್ಲರದೂ ಇದೇ ಪದವಿ.

ಹೀಗೆ ನೋಡಿದ್ದಕ್ಕೆ ಪ್ರಮಾಣಪತ್ರ ಬೇಕೆಂದು ಹಟ ಹಿಡಿಯುವುದು ವ್ಯರ್ಥ, ಏಕೆಂದರೆ ಪ್ರವೇಶ ನಿಂತಿರುವುದು ನೀಟ್ ಅಂಕಗಳ ಮೇಲೆ. ನಾಗಪುರದಲ್ಲಿ ಕೇಂದ್ರವಿರುವ ಮಹಾರಾಷ್ಟ್ರ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯದ ಕಾಲೇಜುಗಳಿಗೂ, ದೇಶದ ಶೇಕಡಾ 15ರಷ್ಟು ಅಖಿಲ ಭಾರತ ಸೀಟುಗಳಿಗೂ ಅದೇ ಆಧಾರ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ಇಂಗ್ಲಿಷ್ ಕೂಡ ಇರಬೇಕು. ಕನ್ನಡ ಕುಟುಂಬಗಳು ಮರೆಯಬಾರದ ಇನ್ನೊಂದು ಕಾಗದವೆಂದರೆ ಮಹಾರಾಷ್ಟ್ರದ ವಾಸ್ತವ್ಯ ಪ್ರಮಾಣಪತ್ರ, ಅಂದರೆ ಡೊಮಿಸೈಲ್. ಅದನ್ನು ಹನ್ನೊಂದನೆಯ ತರಗತಿಯಲ್ಲೇ ಮಾಡಿಸಿಟ್ಟುಕೊಂಡರೆ, ಪ್ರವೇಶದ ಗಡಿಬಿಡಿಯಲ್ಲಿ ತಹಶೀಲ್ದಾರ್ ಕಚೇರಿಗೆ ಓಡುವುದು ತಪ್ಪುತ್ತದೆ.